ಹಾಸಿಗೆ ಇಷ್ಟ, ಆದರೆ ನೆಲವೇ ಇರಲಿ

“ನಮ್ಮ ಕಡೆ ಯಾರ ಮನೆಗೆ ಹೋದ್ರೂ ಬಡಿಸಿದ್ದನ್ನ ಉಣ್ಬೇಕು ಕಣವ್ವ. ‘ಇದ್ ಬ್ಯಾಡ, ಅದ್ ಕೊಡಿ’ ಅಂದ್ರೆ ಒಲೆ ಮುಂದೆ ಬೆಂದೋಳ ಮುಖಕ್ಕೇ ಹೊಡದಂಗೆ. ನಮ್ಮವ್ವ ಮಾತು ಕಲಿಸೋಕೆ ಮುಂಚೆ ನಂಗೆ ಇದನ್ನ ಕಲಿಸಿದ್ಲು. ಅದಕ್ಕೇ ಮೊದಲ್ನೇ ಹೆರಿಗೇಲಿ ಆಸ್ಪತ್ರೆಯೋರು ಮಲಕ್ಕೊ ಅಂದ್ರು, ಮಲಕ್ಕೊಂಡೆ. ನಮ್ಮ ಬೆಟ್ಟದ ಹೆಂಗಸ್ರು ಕುಕ್ಕರುಗಾಲಲ್ಲಿ ಕೂತು ಹೆರೋರು. ಅಂಗಾತ ಮಲಗಿ ಹೆರು ಅಂದ್ರೆ ಏರು ದಾರೀಲಿ ಬಂಡೆ ಉರುಳ್ಸು ಅಂದಂಗೆ. ಸಾವಿನ ಬಾಗ್ಲು ನೋಡ್ಕೊಂಡು ಬಂದೆ. ಅವರಿಗೆ ನನ್ನ ಕೆಚುವಾ ಮಾತು ತಿಳೀದು, ನಂಗೆ ಅವರ ಸ್ಪ್ಯಾನಿಷ್ ಬಾರದು. ಬರ್ತಿದ್ದಿದ್ದು ‘ಸೀ’ ಒಂದೇ. ಅಂದ್ರೆ ಆಗ್ಲಿ ತಾಯಿ, ಆಗ್ಲಿ ತಾಯಿ. ಎರಡ್ನೇದು ಹೊಟ್ಟೇಲಿ ನಿಂತಾಗ ಅಂದ್ಕೊಂಡೆ, ಇನ್ನೊಂದು ಮಾತಾದ್ರೂ ಕಲೀದೆ ಆ ಮಂಚ ಹತ್ತಲ್ಲ ಅಂತ.”

ಹಾಗೆ ಅಂದುಕೊಂಡೇ ಸಾತುರ್ನಿನಾ ಕುರಿಗಳನ್ನು ದೊಡ್ಡಿಗೆ ಸೇರಿಸಿ, ಬಸುರಿ ಹೊಟ್ಟೆ ಹೊತ್ತು, ಶಾಲೆಯಲ್ಲಿ ಸಂಜೆ ನಡೆಯುವ ಸ್ಪ್ಯಾನಿಷ್ ಪಾಠಕ್ಕೆ ಹೋಗತೊಡಗಿದಳು. ಕುಸ್ಕೋ ಪೇಟೆಯಿಂದ ಬಂದ ಟೀಚರು ನೊಯೆಮಿ ಒಂದು ಸಂಜೆ ಕೇಳಿದರು, “ನಿಮಗೆ ಚಹಾ ಬೇಕೋ, ಕಾಫಿ ಬೇಕೋ?”

“ನೀವು ಕೊಟ್ಟಿದ್ದು ತಾಯಿ” ಎಂದರು ಎಲ್ಲರೂ.

“ಅಯ್ಯೋ, ನಾನು ನಿಜವಾಗಿ ಕೊಡ್ತಿಲ್ಲ. ಹೇಳೋದು ಕಲಿಸ್ತಿದೀನಿ.”

ನೆರೆಮನೆಯ ಇಲಾರಿಯಾ ಸುಮ್ಮನಿರುವವಳೇ? “ಕೊಡೋದೇ ಇಲ್ಲ ಅಂದ್ಮೇಲೆ ಕೇಳಿ ಯಾಕ್ ತಾಯಿ ಹೊಟ್ಟೆ ಉರಿಸ್ತೀರಿ?”

ನಗು ನಿಂತ ಮೇಲೆ ಟೀಚರು ಬೋರ್ಡಿನ ಮೇಲೆ ಒಂದು ಮಾತು ಬರೆದು ಓದಿಸಿದರು: ‘ಮೆ ಗುಸ್ತಾ’ ಚಹಾ, ಆದರೆ ‘ಪ್ರೆಫಿಯೆರೊ’ ಕಾಫಿ. ಚಹಾ ನನಗಿಷ್ಟ, ಆದರೆ ಕಾಫಿಯೇ ಇರಲಿ.

ಸಾತುರ್ನಿನಾಳ ಕಿವಿ ನೆಟ್ಟಗಾಯಿತು. ಇದರಲ್ಲಿ ‘ಬೇಡ’ ಎಂಬ ಮಾತೇ ಇಲ್ಲವಲ್ಲ! ಮೊದಲು ಹೊಗಳಿಕೆ, ಆಮೇಲೆ ಬೇಕಾದದ್ದು. ಇದನ್ನು ಅವ್ವನ ಎದುರಿಗೂ ಆಡಬಹುದು. ನಾಲಗೆ ಮಾತ್ರ ಹೊರಳಲಿಲ್ಲ. ಅವಳ ಬಾಯಲ್ಲಿ ಅದು ‘ಪ್ರಿಫಿರು’ ಆಯಿತು.

“ಕುರಿ ಕರೀತಿದೀಯೇನೇ?” ಎಂದು ಇಲಾರಿಯಾ ಕಿಸಕ್ಕನೆ ನಕ್ಕಳು.

ಸಾತುರ್ನಿನಾ ಕುರಿಗಳಿಗೂ ಹೇಳಿದಳು, ಒಲೆಗೂ ಹೇಳಿದಳು. ನೋವು ಕಾಣಿಸಿಕೊಂಡ ದಿನ ಗಂಡ ವಿಸೆಂತೆ ಅವಳನ್ನು ಕಣಿವೆಯ ಆಸ್ಪತ್ರೆಗೆ ಇಳಿಸಿ ತಂದ. ನರ್ಸಮ್ಮ ಮಂಚ ತಟ್ಟಿ ತೋರಿಸಿದರು. ‘ಸೀ’ ನಾಲಗೆಯ ತುದಿಗೇ ಬಂದಿತ್ತು. ಸಾತುರ್ನಿನಾ ಅದನ್ನು ನುಂಗಿಕೊಂಡು, ಮಂಚದ ಕಂಬಿ ಬಿಗಿಹಿಡಿದು ಬೆಟ್ಟಕ್ಕೇ ಕೇಳುವಂತೆ ಕೂಗಿದಳು:

“ಮೆ ಗುಸ್ತಾ ಮಂಚ! ಆದ್ರೆ ಪ್ರಿಫಿರು ನೆಲ!”

ನರ್ಸಮ್ಮ ಕಣ್ಣರಳಿಸಿದರು. “ಈ ಮುರುಕಲು ಮಂಚ ಇಷ್ಟಾನಾ? ನಂಗೇ ಇಷ್ಟವಿಲ್ಲ ಮಾರಾಯ್ತಿ!” ಎಂದು ನಗುತ್ತಲೇ ನೆಲಕ್ಕೆ ಕಂಬಳಿ ಹಾಸಿದರು. ವಿಸೆಂತೆ ಹಿಂದಿನಿಂದ ತೋಳು ಕೊಟ್ಟ. ಸಾತುರ್ನಿನಾ ತನ್ನ ಅವ್ವ, ಅಜ್ಜಿ ಕೂತಂತೆ ಕುಕ್ಕರುಗಾಲಲ್ಲಿ ಕೂತಳು. ಮೊದಲನೆಯದು ಎಷ್ಟು ಸತಾಯಿಸಿತ್ತೋ ಈ ಎರಡನೆಯದು ಅಷ್ಟೇ ಸಲೀಸಾಗಿ ಜಾರಿ ಬಂತು. ಹೆಣ್ಣು ಮಗು; ಗಂಟಲಂತೂ ತಾಯಿಯದೇ.

“ಈಗ?” ಎಂದರು ನರ್ಸಮ್ಮ.

“ಈಗ ಪ್ರಿಫಿರು ಮಂಚ” ಎಂದು ಅವಳು ಹತ್ತಿ ಮಲಗಿಬಿಟ್ಟಳು.

ಸುದ್ದಿ ಅವಳಿಗಿಂತ ಮೊದಲೇ ಬೆಟ್ಟ ಹತ್ತಿತ್ತು. ಬಸುರಿಯರೆಲ್ಲ ಆ ಮಾತನ್ನು ಬಾಯಿಪಾಠ ಮಾಡತೊಡಗಿದರು, ಅದೂ ‘ಪ್ರಿಫಿರು’ ಎಂದೇ. ಬಾಣಂತಿಯ ಮನೆಗೆ ಅಡುಗೆ ಮಾಡಲು ಬಂದ ಇಲಾರಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನಮ್ಮ ಪ್ರಿಫಿರು ದೊರೆಸಾನಿ, ಬಾರ್ಲಿ ಸೂಪೋ, ಆಲೂಗಡ್ಡೆ ಸೂಪೋ?”

“ನೀನು ಬಡಿಸಿದ್ದು ಕಣೆ.”

ಇಲಾರಿಯಾ ನಗುತ್ತಾ ಆಲೂಗಡ್ಡೆ ಬುಟ್ಟಿಯನ್ನು ನಡುವೆ ಎಳೆದಳು. ಸಾತುರ್ನಿನಾ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಚಾಕು ತೆಗೆದುಕೊಂಡು ಸಿಪ್ಪೆ ಹೆರೆಯಲು ಕೂತಳು.