ಕಾರಿನ ಸೌಂಡು, ಅಜ್ಜಿಯ ಮಂಡಿ

ಮಿಡಿಗೇಶಿಯಲ್ಲಿ ಇಳಿಯಬೇಕಿದ್ದ ಅಜ್ಜಿಯೊಬ್ಬಳನ್ನು ನಮ್ಮ ಕಾರಿನ ಡ್ರೈವರ್ ಎರಡು ಮೈಲಿ ಮುಂದೆ ಒಯ್ದ. ಮಧುಗಿರಿಯಿಂದ ಪಾವಗಡಕ್ಕೆ ಸೀಟಿನ ಲೆಕ್ಕದಲ್ಲಿ ಜನ ಹತ್ತಿಸಿಕೊಳ್ಳುವ ಕಾರು. ಡಿಕ್ಕಿ ತುಂಬ ಸ್ಪೀಕರು, ನಮ್ಮ ಚೀಲ ನಮ್ಮ ತೊಡೆ ಮೇಲೆ. ಹಾಡಿನ ಅಬ್ಬರಕ್ಕೆ ಮೊದಲು ಎದೆ ಅದುರಿತು. ಹತ್ತೇ ನಿಮಿಷಕ್ಕೆ ನಾನೂ ನಾಚಿಕೆಯಿಲ್ಲದೆ ತಲೆಯಾಡಿಸುತ್ತಿದ್ದೆ.

ಊರು ಬಂದಾಗ ಅಜ್ಜಿ ಕೂಗಿದ್ದು ಯಾರಿಗೂ ಕೇಳಲಿಲ್ಲ. ಬಾಗಿಲು ಬಡಿದಳು, ಅದೂ ಹಾಡಿನದೇ ತಾಳ ಅಂದುಕೊಂಡೆವು. ಕೊನೆಗೆ ಮುಂದಿನ ಸೀಟಿನಲ್ಲಿದ್ದ ಡ್ರೈವರನ ಕೂದಲನ್ನೇ ಹಿಡಿದು ಜಗ್ಗಿದಳು.

"ಲೇ, ನಿಲ್ಸ್ಲಾ! ಈ ಮಂಡಿ ಇಟ್ಕಂಡು ಹೆಂಗ್ ವಾಪಸ್ ನಡೀಲಿ?"

"ಬಡಿದಿದ್ದು ನೀನಾ ಅಜ್ಜಿ? ಸ್ಪೀಕರಿನ ಬೇಸು ಇವತ್ತು ಚೆನ್ನಾಗಿ ಸೆಟ್ಟಾಗೈತೆ ಅನ್ಕಂಡೆ!"

ಅಜ್ಜಿಯನ್ನು ಅಲ್ಲೇ ಬಿಸಿಲಲ್ಲಿ ಇಳಿಸಿದ. ಕಾರು ತಿರುಗಿಸು ಅಂದೆ. "ಟೈಮಿಲ್ಲ ಬುಡಣ್ಣ" ಅಂತ ಸೌಂಡು ಏರಿಸಿದ. ಮಿಕ್ಕವರು ಮತ್ತೆ ತಲೆಯಾಡಿಸಿದರು.

ಒಗ್ಗಿಹೋಗಿದ್ದು ನಮ್ಮ ಕಿವಿ, ನಡೆದಿದ್ದು ಅಜ್ಜಿಯ ಮಂಡಿ. ನೀವು ಕಾರು ಹತ್ತಿದ ಕೂಡಲೇ ಸೌಂಡು ಇಳಿಸಲು ಹೇಳಿ. ಇಳಿಸದಿದ್ದರೆ ನೀವು ಇಳಿಯಿರಿ.