ತವರಿನ ದಾರಿಗೆ ಮೆತ್ತನೆಯ ಟೈರು

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ದಸ್ತಗೀರನ ಪಿಕಪ್ಪು ಹಾವೇರಿಯ ಪಿ.ಬಿ. ರಸ್ತೆಯ ಟೈರಿನ ಅಂಗಡಿ ಮುಂದೆ ನಿಂತಿತ್ತು. ಬ್ಯಾಡಗಿಯಲ್ಲಿ ನಮ್ಮವು ಅಕ್ಕಪಕ್ಕದ ಮನೆ. ನಾನು ಹಾವೇರಿಗೆ ಬಂದಮೇಲೂ ಅವನು ನನ್ನನ್ನು ಮಾಮಾ ಎನ್ನುವುದು ಬಿಟ್ಟಿಲ್ಲ. ಅಂದಿನ ಪ್ರಯಾಣ ಇಷ್ಟೇ: ಮಳೆಗಾಲದ ಟೈರು ಬಿಚ್ಚಿಸಿ ಚಳಿಗಾಲಕ್ಕೆ ಬೇರೆ ಹಾಕಿಸಿ, ಕುಪ್ಪೇಲೂರಿಗೆ ಹೋಗಿ, ಅವನ ಏಳು ತಿಂಗಳ ಬಸುರಿ ತಂಗಿ ಶಾಹೀನಳನ್ನು ಬ್ಯಾಡಗಿಯ ತವರಿಗೆ ಕರೆತರುವುದು.

ನನಗೂ ಒಂದು ಕೆಲಸವಿತ್ತು. ಅವಳು ಕೂಡುವ ಸೀಟಿನಲ್ಲಿ ಕುಳಿತು, ಗಾಡಿ ಎಷ್ಟು ಎತ್ತಿಹಾಕುತ್ತದೆ ಎಂದು ಹೇಳಬೇಕಿತ್ತು. ನಾನೇ ಯಾಕೆ ಎಂದು ಕೇಳಿದೆ.

"ನಿಮಗ ಹೊಟ್ಟಿನೂ ಐತಿ, ನಡಾನೂ ನೋಯ್ತೈತಿ. ಮ್ಯಾಲ ನಿಮ್ಮಷ್ಟು ಗೊಣಗವರು ಇಡೀ ಜಿಲ್ಲಾದಾಗ ಸಿಗಂಗಿಲ್ಲ ಮಾಮಾ" ಎಂದ.

ಎರೆಹೊಲದ ಕೆಸರಿಗೆಂದು ಮಳೆಗಾಲದಲ್ಲಿ ಹಾಕಿಸಿದ್ದ ದಪ್ಪ ಗುಬ್ಬಿಗಳ ಬಟನ್ ಟೈರು ಸವೆದಿದ್ದವು. ಇನ್ನು ಮೆಣಸಿನಕಾಯಿ ಸೀಜನ್. ಅಂಗಡಿಯವರು ಕೇಳದೆಯೇ ನೈಲಾನ್ ಟೈರು ಉರುಳಿಸಿ ತಂದರು. ಚೀಲ ಎಷ್ಟು ಏರಿಸಿದರೂ ತಾಳುತ್ತದೆ, ಕಲ್ಲಿಗೆ ಹರಿಯುವುದಿಲ್ಲ ಎಂದರು. ದಸ್ತಗೀರ ಬದನೆಕಾಯಿ ಒತ್ತಿ ನೋಡುವಂತೆ ಅದರ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ, ಬಿರುಸು ಎಂದ. ಅವನಿಗೆ ರೇಡಿಯಲ್ ಬೇಕಿತ್ತು. ಅದು ಮೆತ್ತಗೆ ಓಡುತ್ತದೆ, ಆದರೆ ಹೊಲದ ದಾರಿಯಲ್ಲಿ ಪಕ್ಕೆ ಬೇಗ ಸೀಳುತ್ತದೆ. ಅವನ ಅಳತೆಯದು ಅಲ್ಲಿರಲಿಲ್ಲ.

"ಮೆಣಸಿನಕಾಯಿ ಹೇರವ್ರು ರೇಡಿಯಲ್ ಹಾಕ್ತಾರೇನೋ ತಮ್ಮಾ?" ಎಂದರು ಅಂಗಡಿಯವರು.

"ಈ ಸಲ ಮೊದಲನೇ ಲೋಡು ಮೆಣಸಿನಕಾಯಿ ಅಲ್ರಿ" ಎಂದು ಗಾಡಿ ಹತ್ತಿದ.

ರಾಣೆಬೆನ್ನೂರಿನವರೆಗೆ ಹೆದ್ದಾರಿ. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಎರಡು ಚಳಿಗಾಲದ ಹಿಂದೆಯೂ ಶಾಹೀನಳನ್ನು ಇದೇ ಗಾಡಿಯಲ್ಲಿ ತವರಿಗೆ ಕರೆತಂದಿದ್ದ. ಆಗ ನೈಲಾನ್ ಟೈರು ಇದ್ದವು, ಹಿಂದಿನ ತೆರೆದ ಭಾಗದಲ್ಲಿ ನಾನೂ ಕೂತಿದ್ದೆ. ಅಂದು ರಾತ್ರಿಯೇ ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ. ಗಾಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ದಸ್ತಗೀರ ಮಾತ್ರ ಕದರಮಂಡಲಗಿ ದಾಟಿದ ಮೇಲೆ ಒಂದು ಗುಂಡಿ ಇತ್ತು, ತಾನು ನೋಡಲಿಲ್ಲ ಎನ್ನುತ್ತಾನೆ. ನನಗೆ ಆ ಗುಂಡಿ ನೆನಪಿಲ್ಲ. ಆದರೆ ಅಂದು ಮಳೆಯಲ್ಲಿ ತೊಯ್ದದ್ದು ಚೆನ್ನಾಗಿ ನೆನಪಿದೆ. ಸಂಕ್ರಾಂತಿ ಹೊತ್ತಿನಲ್ಲಿ ಅಂಥ ಮಳೆ ಎಲ್ಲಿಂದ ಬಂತು? ಬೇರೆ ಯಾವುದೋ ದಿನದ ಮಳೆ ಬಂದು ಆ ದಿನದೊಳಗೆ ಕೂತಿರಬೇಕು. ನಿನ್ನ ಗುಂಡಿಯೂ ಹಾಗೇ ಬಂದಿರಬಹುದು ಎಂದೆ. ಅವನು ನುಣ್ಣನೆಯ ಸೇತುವೆಯ ಮೇಲೂ ಬ್ರೇಕು ತುಳಿಯುತ್ತಿದ್ದ.

ರಾಣೆಬೆನ್ನೂರಿನಲ್ಲಿ ರೇಡಿಯಲ್ ಸಿಕ್ಕವು. ಹಿಂದಿನ ಒಂದು ಚಕ್ರದ ಡಿಸ್ಕು ಸೊಟ್ಟಗಿತ್ತು. ಹೊಸದನ್ನೇ ಹಾಕಿಸಿದ. ಬಿಗಿಯುವ ಮೊದಲು ಕೈಯಿಂದ ತಿರುಗಿಸಿ, ಅದು ನಿಲ್ಲುವ ತನಕ ಕಣ್ಣು ಕಿರಿದು ಮಾಡಿ ನೋಡಿದ. ಅಷ್ಟರಲ್ಲಿ ನಾನು ಗಿರ್ಮಿಟ್ಟು, ಎರಡು ಮಿರ್ಚಿ ಮುಗಿಸಿದೆ. ಅವನು ತಿನ್ನಲಿಲ್ಲ.

ಕುಪ್ಪೇಲೂರಿನ ದಾರಿ ಹಿಡಿದ ಮೇಲೆ ನನ್ನ ಪರೀಕ್ಷೆ ಶುರುವಾಯಿತು. ಡಾಂಬರು ಚೆನ್ನಾಗಿದ್ದಲ್ಲಿ ಸುಖವಿತ್ತು. ರಸ್ತೆ ಕಿತ್ತಲ್ಲಿ ಗಾಡಿಯ ಹಿಂಭಾಗ ಟಗರಿನ ಹಾಗೆ ಹಾರುತ್ತಿತ್ತು. ಸುಳ್ಳು ಹೇಳಲಾಗಲಿಲ್ಲ. ಅವನು ಇಳಿದು ಸ್ವಲ್ಪ ಹವಾ ಬಿಟ್ಟ, ಮತ್ತೆ ಓಡಿಸಿದ, ಮತ್ತೆ ನನ್ನ ಮುಖ ನೋಡಿದ. ಕೊನೆಗೆ ಬಾಡಿಗೆ ಕಾರು ಮಾಡಿಕೊಂಡು ಬರೋಣವೇ ಎಂದು ಮೆಲ್ಲಗೆ ಕೇಳಿದ. ಮುಖ ಇಷ್ಟೇ ಇಷ್ಟಾಗಿತ್ತು.

ಕುಪ್ಪೇಲೂರಿನ ಮನೆಯಲ್ಲಿ ಚಹಾ ಕುಡಿಯುವಾಗ ನಾನೇ ಬಾಯಿಬಿಟ್ಟೆ. ಶಾಹೀನ ನಕ್ಕಳು. ಹಿಂದಿನ ಚಕ್ರಗಳ ಮೇಲಿನ ಉಕ್ಕಿನ ಪಟ್ಟಿಗಳು ಭಾರ ಹೊರಲಿಕ್ಕೆ ಮಾಡಿದವು, ಖಾಲಿ ಗಾಡಿ ಕುಣಿಯದೆ ಏನು ಮಾಡೀತು ಎಂದು ಅಣ್ಣನಿಗೇ ಪಾಠ ಹೇಳಿದಳು. ನಾಲ್ಕು ದಿನದಿಂದ ತಂಗಿಯೊಬ್ಬಳನ್ನೇ ನೆನೆದವನಿಗೆ ತನ್ನ ಗಾಡಿಯೇ ಮರೆತುಹೋಗಿತ್ತು. ಅವಳ ಗಂಡ ಭಾರಕ್ಕೆಂದು ಮೆಕ್ಕೆಜೋಳದ ಚೀಲ ಹೇರತೊಡಗಿದ.

"ಸೊಸಿನ್ನ ಕಳಸಾಕ ಜ್ವಾಳಾನೂ ಕಳಸಬೇಕಾತಲ್ಲವಾ" ಎಂದು ಅತ್ತೆ ಬಾಗಿಲಲ್ಲಿ ನಿಂತು ಚೀಲ ನೋಡಿದರು.

ಎಲ್ಲ ಆದಮೇಲೂ ದಸ್ತಗೀರ ಗಾಡಿ ಹತ್ತಲಿಲ್ಲ. ಅಣ್ಣತಂಗಿ ಉರ್ದುವಿನಲ್ಲಿ ಮಾತಾಡಿಕೊಂಡರು. ನನಗೆ ಅರ್ಧ ತಿಳಿಯಿತು, ಮತ್ತದೇ ಗುಂಡಿ. ಆಮೇಲೆ ಶಾಹೀನ, ನಾನೂ ಕೇಳಲಿ ಎಂಬಂತೆ, ಕನ್ನಡಕ್ಕೆ ಬಂದಳು.

"ಅವತ್ತ ಮುಂಜಾನಿಂದನ ನನಗ ಹೊಟ್ಟಿ ನೋಯಾಕತ್ತಿತ್ತು ಭಾಯಿ. ಗುಂಡಿ ಇರಲಿಲ್ಲ. ಎಷ್ಟ ಸಲ ಹೇಳೀನಿ?"

"ಇತ್ತು" ಎಂದ ಅವನು, ಚಕ್ರ ನೋಡುತ್ತ.

ಅವಳು ಮುಂದಿನ ಬಾಗಿಲು ತೆರೆದಳು. "ಹಂಗಾರ ಇತ್ತಂತನ ಇಟಗೋ. ಇವತ್ತ ಅದನ್ನ ದಾಟಿಸು."

ಅವಳು ಮುಂದೆ ಕೂತಳು, ನಾನು ಹಿಂದೆ ಚೀಲದ ಮೇಲೆ. ಈಗ ಗಾಡಿ ಹಾರಲಿಲ್ಲ, ತುಂಬಿದ ಕೊಡ ಹೊತ್ತವರ ಹಾಗೆ ನಡೆಯಿತು. ಕದರಮಂಡಲಗಿ ದಾಟುವಾಗ ಹೊತ್ತು ಮುಳುಗುತ್ತಿತ್ತು. ಅಲ್ಲಿಂದಾಚೆ ಅವನು ಎತ್ತಿನ ಗಾಡಿಗಿಂತ ನಿಧಾನ ಹೊಡೆದ. ಗುಂಡಿ ಇದ್ದ ಜಾಗ ಯಾವುದೋ, ರಸ್ತೆಗೆ ಹೊಸ ಡಾಂಬರು ಬಿದ್ದಿತ್ತು. ಇನ್ನು ಅದು ಇತ್ತೋ ಇಲ್ಲವೋ ಯಾರೂ ಹೇಳಲಾರರು. ನಾನು ಬಗ್ಗಿ ಹಿಂದಿನ ಗಾಜಿನೊಳಗೆ ನೋಡಿದೆ. ಶಾಹೀನಳ ತಲೆ ಪಕ್ಕಕ್ಕೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗಾಜು ಬಡಿಯಲು ಕೈಯೆತ್ತಿದೆ. ಆಮೇಲೆ ತಿಳಿಯಿತು, ನಿದ್ದೆ ಹೋಗಿದ್ದಳು.

ಬ್ಯಾಡಗಿಯ ಗಾಳಿಯಲ್ಲಿ ಘಾಟು. ಸೀನು ಬಂತು, ಮೂಗು ಹಿಸುಕಿ ಹಿಡಿದೆ. ಓಣಿಯಲ್ಲಿ ದಸ್ತಗೀರನ ತಾಯಿ ಮಗಳಿಗೆ ದೃಷ್ಟಿ ತೆಗೆಯಲು ಒಂದು ಹಿಡಿ ಮೆಣಸಿನಕಾಯಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಶಾಹೀನ ಇನ್ನೂ ಎದ್ದಿರಲಿಲ್ಲ. ಗಾಡಿ ಮನೆ ಮುಂದೆ ನಿಲ್ಲಲಿಲ್ಲ. ಬೀದಿದೀಪದ ಬೆಳಕಿಗೆ ಬದಿಯ ಕನ್ನಡಿಯಲ್ಲಿ ದಸ್ತಗೀರ ತುಟಿಯ ಮೇಲೆ ಬೆರಳಿಟ್ಟದ್ದು ಕಂಡಿತು. ಅವನು ಮೆಲ್ಲಗೆ ಊರಾಚೆ ಹೋಗುವ ಮೋಟೆಬೆನ್ನೂರಿನ ರಸ್ತೆಗೆ ತಿರುಗಿಸಿದ. ಬೀದಿಯ ನಡುವೆ ಬಂದು ನಿಂತ ಆ ತಾಯಿಗೆ ನಾನೂ ಹಾಗೇ ಬೆರಳಿಟ್ಟು ತೋರಿಸಿದೆ. ತಿರುವಿನಲ್ಲಿ ಮರೆಯಾಗುವ ತನಕ ಅವರು ಮುಚ್ಚಿದ ಮುಷ್ಟಿಯನ್ನು ನಮ್ಮ ಕಡೆಗೆ ನಿವಾಳಿಸುತ್ತಲೇ ಇದ್ದರು.