ಐವತ್ತು ದಾಟಿದವರ ಬಣ್ಣ

ನನಗೆ ನೆನಪು ಮೂಡುವ ಮೊದಲೇ ನನ್ನ ತಾಯಿ ತೀರಿಕೊಂಡಿದ್ದಳು. ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ನನ್ನನ್ನು ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ತನ್ನ ಮನೆಗೆ ಕರೆತಂದು ಸಾಕಿದಳು. ದೊಡ್ಡಪ್ಪ ಗಣಿಯ ಆಳಕ್ಕೆ ಇಳಿಯುವ ಕೆಲಸಗಾರ. ಅವರಿಗೆ ಮಕ್ಕಳಿರಲಿಲ್ಲ. ತಗಡಿನ ಮಾಡಿನ ಸಾಲುಮನೆಗಳಲ್ಲಿ ನಮ್ಮದೊಂದು. ಮುಂದೆ ಒಬ್ಬರು ಕೂತು ಇನ್ನೊಬ್ಬರಿಗೆ ತಲೆ ಬಾಚುವಷ್ಟು ಜಗುಲಿ. ಅಲ್ಲಿಯೇ ಬೆಳೆದು, ಪಕ್ಕದ ಬೀದಿಯ ಒಬ್ಬಾಕೆಯ ಹತ್ತಿರ ಹೊಲಿಗೆ ಕಲಿತು, ಐವತ್ತರ ದಶಕ ಮುಗಿಯುತ್ತಿದ್ದಾಗ ಮದುವೆಯಾಗಿ ಬಂಗಾರಪೇಟೆಗೆ ಬಂದೆ. ನನ್ನ ಗಂಡನಿಗೆ ಸ್ಟೇಷನ್ನಿನ ಹತ್ತಿರ ಸೈಕಲ್ ರಿಪೇರಿಯ ಅಂಗಡಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ತುಳಿಯುವ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯತೊಡಗಿದೆ.

ಹೊಂಗೆ ಚಿಗುರುವ ಹೊತ್ತಿಗೆ, ಯುಗಾದಿಗೆ ಇನ್ನೂ ದಿನವಿರುವಾಗಲೇ, ನನ್ನ ಕೋಣೆ ತುಂಬಿಹೋಗುತ್ತಿತ್ತು. ರೈಲಿನಲ್ಲಿ ಗಣಿಯ ಕಡೆಯಿಂದಲೂ ಹೆಂಗಸರು ಬರುತ್ತಿದ್ದರು. ವಯಸ್ಸಿನ ಹುಡುಗಿಯರಿಗೆ ಆಗ ತೆಳ್ಳನೆಯ ವಾಯಿಲ್ ಸೀರೆಯ ಹುಚ್ಚು. ಅದಕ್ಕೆ ಒಪ್ಪುವ ಹಾಗೆ ತೋಳು ಬಿಗಿಯಾದ, ಬೆನ್ನ ಮೇಲೆ ಹುಕ್ಕು ಬರುವ ರವಿಕೆ ಬೇಕು. ಅವರ ಹಿಂದೆ ಕೂತಿರುತ್ತಿದ್ದ ತಾಯಂದಿರು ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ಐವತ್ತು ದಾಟಿದ ಹೆಂಗಸು ಏನು ಉಡಬೇಕು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಕಾಫಿ ಬಣ್ಣ, ಇಟ್ಟಿಗೆ ಬಣ್ಣ, ಕಪ್ಪಿಗೆ ತಿರುಗಿದ ಹಸಿರು. ದಪ್ಪ ನೂಲು. ಹೂವಿನ ಅಚ್ಚಂತೂ ಕೂಡದೇ ಕೂಡದು. ಚೈತ್ರದ ಬಿಸಿಲಲ್ಲಿ ಆ ಸೀರೆಗಳನ್ನು ಉಟ್ಟು ಕೊಳಾಯಿಯ ಮುಂದೆ ನಿಂತವರ ಬೆನ್ನೆಲ್ಲ ಬೆವರಿನಿಂದ ತೊಯ್ದಿರುತ್ತಿತ್ತು.

ಅರವತ್ತರ ದಶಕದ ಮೊದಲಲ್ಲಿ ಒಂದು ವರ್ಷ, ಯುಗಾದಿಗೆ ಮುಂಚೆ, ದೊಡ್ಡಮ್ಮ ಒಬ್ಬಳೇ ಬಂಗಾರಪೇಟೆಗೆ ಬಂದಳು. ಕೂತವಳು ಕುಡಿಯಲು ನೀರು ಕೇಳಿ, ಚೊಂಬನ್ನು ಎಡಗೈಯಲ್ಲಿ ಎತ್ತಿದಳು. ಬಲಗೈಗೆ ಏನಾಯಿತು ಎಂದು ಕೇಳಿದೆ.

“ಮೇಲಕ್ಕೆ ಎತ್ತಕ್ಕಾಗಲ್ಲ ಕಣಮ್ಮಿ. ರವಿಕೆ ತೊಡೋದೇ ಒಂದು ಕೆಲ್ಸ ಆಗೋಗೈತೆ. ದಿನಾ ಬೆಳಿಗ್ಗೆ ನಿಮ್ಮ ದೊಡ್ಡಪ್ಪನೇ ತೋಳು ತೂರಿಸ್ಬೇಕು.”

“ಅವನು ಮೊದಲನೇ ಪಾಳಿಗೆ ಹೋದ ದಿನ?”

“ಅವತ್ತು ರಾತ್ರಿ ಆಕ್ಕಂಡಿದ್ದನ್ನೇ ಆಕ್ಕಂಡಿರ್ತೀನಿ.”

ನಾನು ಅವಳ ಅಳತೆ ತೆಗೆದುಕೊಂಡೆ. ಬಾಲ್ಯದಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಮೈ ಅದು. ಭುಜದ ಮೂಳೆ ಈಗ ಬೆರಳಿಗೆ ಸಿಗುತ್ತಿತ್ತು. ಮೆತ್ತನೆಯ ಪಾಪ್ಲಿನ್ ಆರಿಸಿ, ಹುಕ್ಕುಗಳನ್ನು ಮುಂದಕ್ಕೆ ತಂದು, ತೋಳನ್ನು ಮೊಳಕೈವರೆಗೆ ಸಡಿಲವಾಗಿ ಇಳಿಸಿ, ಕಂಕುಳಿಗೆ ಒಂದು ತುಂಡು ಬಟ್ಟೆ ಸೇರಿಸಿ ಹೊಲಿದೆ. ಅವಳು ತೊಟ್ಟು ನೋಡಿದಳು. ಕೈಯನ್ನು ಹೆಚ್ಚು ಎತ್ತದೆಯೇ ತೋಳು ಒಳಗೆ ಹೋಯಿತು. ಕನ್ನಡಿಯ ಮುಂದೆ ನಿಂತು ಹುಕ್ಕುಗಳನ್ನು ತಾನೇ ಹಾಕಿಕೊಂಡು, ಮತ್ತೆ ಬಿಚ್ಚಿ, ಮತ್ತೆ ಹಾಕಿಕೊಂಡಳು.

“ನಡಿ, ಇದಕ್ಕೊಂದು ಸೀರೆ ತರಾನ,” ಅಂದಳು.

ಬಜಾರಿನ ಅಂಗಡಿಯವನು ಅವಳ ನರೆತ ತಲೆ ನೋಡಿದವನೇ ಕೆಳಗಿನ ಅರೆಯಿಂದ ಕಂದು ಸೀರೆಗಳನ್ನು ತೆಗೆದು ಹಾಸಿದ. ದೊಡ್ಡಮ್ಮ ಅವುಗಳನ್ನು ಮುಟ್ಟಲಿಲ್ಲ. ಮೇಲೆ ತೂಗುಹಾಕಿದ್ದ ಒಂದು ವಾಯಿಲ್ ಸೀರೆಯತ್ತ ಬೆರಳು ತೋರಿದಳು. ಎಳೆ ನಿಂಬೆಯ ಬಣ್ಣ, ಅದರ ಮೇಲೆ ಚುಕ್ಕಿಯಷ್ಟೇ ಸಣ್ಣ ನೀಲಿ ಹೂಗಳು.

“ಅದು ನಿಮ್ಮ ಮಗಳಿಗೆ ಚೆನ್ನಾಗಿರ್ತದಮ್ಮ,” ಎಂದ ಅವನು ನನ್ನನ್ನು ನೋಡುತ್ತ.

“ಮಗಳತ್ರ ಐತೆ. ಇದು ನಂಗೆ.”

ದಾರಿಯಲ್ಲಿ ನಾನು ಏನೂ ಕೇಳದಿದ್ದರೂ ಅವಳೇ ಮಾತು ತೆಗೆದಳು. ಗಣಿಯಿಂದ ತೆಗೆದು ಅರೆದು ಸುರಿದ ಸಯನೈಡ್ ಮಣ್ಣಿನ ದಿಬ್ಬಗಳಿಂದ ಬಿಸಿಲುಕಾಲದಲ್ಲಿ ಏಳುವ ಬಿಳಿ ದೂಳು ನಮ್ಮೂರಿನವರಿಗೆಲ್ಲ ಗೊತ್ತು. ಗಾಳಿ ಬೀಸಿದರೆ ಅನ್ನದ ತಟ್ಟೆಯಲ್ಲೂ ಅದೇ, ಹಾಸಿಗೆಯಲ್ಲೂ ಅದೇ. “ಕಾಫಿ ಬಣ್ಣದ ಸೀರೆ ಉಟ್ಟು ಆಚೆ ಓದ್ರೆ ಬೂದಿ ಬಳ್ಕಂಡಂಗೆ ಕಾಣ್ತೀವಿ. ಇದ್ರ ಮೇಲೆ ದೂಳು ಕೂತ್ರೂ ಗೊತ್ತಾಗಲ್ಲ. ಒಗೆಯಕ್ಕೂ ಅಗುರ, ಗಾಳಿನೂ ಆಡ್ತದೆ. ಇಷ್ಟು ವರ್ಷ ನಮಗೆ ಯಾರಿಗೂ ಒಳೀಲೇ ಇಲ್ಲ ನೋಡು.”

ಯುಗಾದಿಯ ದಿನ ನಾನೂ ನನ್ನ ಗಂಡನೂ ಚಾಂಪಿಯನ್ ರೀಫ್ಸಿಗೆ ಹೋದೆವು. ದೊಡ್ಡಮ್ಮ ಹೊಸ ಸೀರೆ ಉಟ್ಟು ಒಲೆಯ ಮುಂದೆಯೇ ಕೂತಿದ್ದಳು. ಹೊರಗೆ ಬರಲು ನಾಚಿಕೆ. ದೊಡ್ಡಪ್ಪ ಬೇವುಬೆಲ್ಲ ತಿಂದು ಬಾಗಿಲಿಗೆ ಬಂದ. ಅವನದು ಮೊದಲಿನಿಂದಲೂ ಕಡಿಮೆ ಮಾತು. ಎದೆಗೆ ಗಣಿಯ ದೂಳು ಸೇರಿ ಕೆಮ್ಮು ಹತ್ತಿದ ಮೇಲೆ ಆ ಮಾತೂ ಕಡಿಮೆಯಾಗಿತ್ತು. ಅವನು ಒಳಗೆ ಬಗ್ಗಿ ಅವಳನ್ನು ನೋಡಿದ.

“ಅಲ್ಲಿ ಒಗೇನಾಗೆ ಏನ್ ಕಾಣ್ತದೆ. ಆಚೆ ಬಿಸ್ಲಿಗೆ ಬಾ, ನೋಡಾನ.”

ಅವಳು ಜಗುಲಿಗೆ ಬಂದು ನಿಂತಳು. ಅವನು ಪಕ್ಕದ ಮನೆಯಾಕೆಯನ್ನು ಕೂಗಿ ಕರೆದು ತೋರಿಸಿದ. ಪಕ್ಕದ ಮನೆಯಾಕೆಯ ಮನೆಮಾತು ತಮಿಳು. ವಯಸ್ಸು ದೊಡ್ಡಮ್ಮನದೇ. ಅವಳ ಗಂಡ ದೊಡ್ಡಪ್ಪನ ಪಾಳಿಯಲ್ಲೇ ಕೆಲಸಕ್ಕಿಳಿಯುತ್ತಿದ್ದ. ಅವಳು ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

“ರೊಂಬ ಚೆನ್ನಾಗೈತೆ ಅಕ್ಕಾ. ನಾನು ಉಟ್ರೆ ಸೊಸೆ ನಗ್ತಾಳೋ ಏನೋ.”

“ನಗ್ಲಿ ಬಿಡು. ಅವಳ ಅಲ್ಲು ಚೆನ್ನಾಗವೆ,” ಅಂದಳು ದೊಡ್ಡಮ್ಮ.

ಆಮೇಲಿನ ವಾರಗಳಲ್ಲಿ ನನಗೆ ಬಿಡುವೇ ಇರಲಿಲ್ಲ. ಮೊದಲು ಪಕ್ಕದ ಮನೆಯಾಕೆ ಬಂದಳು, ಎಲೆಹಸಿರು ವಾಯಿಲ್ ಹಿಡಿದುಕೊಂಡು. ಅವಳ ಹಿಂದೆ ಆ ಸಾಲಿನ ಉಳಿದ ಹೆಂಗಸರು. ಒಬ್ಬಳು ತಿಳಿಗುಲಾಬಿ ತಂದು, ಯಾರಿಗೂ ಕಾಣದ ಹಾಗೆ ಚೀಲದಲ್ಲೇ ಅರ್ಧ ತೆರೆದು, ಇದು ತೀರಾ ಹೆಚ್ಚಾಯ್ತೇನೋ ಎಂದು ಕೇಳಿದಳು. ಎಲ್ಲರಿಗೂ ಮುಂದೆ ಹುಕ್ಕು, ಸಡಿಲ ತೋಳು, ಉದ್ದ ಸೊಂಟ. ಎಲ್ಲರಿಗೂ ಭುಜ ನೋಯುತ್ತಿತ್ತೆಂದು ನನಗೆ ತಿಳಿದದ್ದೇ ಆಗ. ಆ ವಸಂತದಲ್ಲಿ ಹೊಲಿದಷ್ಟು ಸಂತೋಷದಿಂದ ನಾನು ಮತ್ತೆಂದೂ ಹೊಲಿಯಲಿಲ್ಲ.

ಬಿಸಿಲು ಇನ್ನೂ ಏರುತ್ತಿದ್ದ ಒಂದು ಮಧ್ಯಾಹ್ನ ಹೊಲಿದ ರವಿಕೆಗಳನ್ನು ಕೊಡಲು ಅಲ್ಲಿಗೆ ಹೋಗಿದ್ದೆ. ದೊಡ್ಡಮ್ಮ ನನಗೆ ಮುದ್ದೆ ಬಡಿಸುತ್ತಿದ್ದಳು. ಕಾಲ ಕೆಳಗಿನ ನೆಲ ಒಮ್ಮೆ ಗುದ್ದಿದ ಹಾಗಾಗಿ, ಗೂಡಿನಲ್ಲಿದ್ದ ಪಾತ್ರೆಗಳೆಲ್ಲ ಉರುಳಿಬಿದ್ದವು. ಆಳದಲ್ಲಿ ಬಂಡೆ ತಾನಾಗಿ ಸಿಡಿದು ನೆಲ ಅದುರುವುದು ನಮಗೆ ಹೊಸತಲ್ಲ. ಚಿಕ್ಕಂದಿನಲ್ಲಿ ಅದುರಿದಾಗ ನಾವು ಊಟ ನಿಲ್ಲಿಸುತ್ತಲೂ ಇರಲಿಲ್ಲ. ಆದರೆ ಈ ಸಲ ದೊಡ್ಡಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, ಕೈ ತೊಳೆಯದೆ ಎದ್ದಳು. ಹೊರಗೆ ಎಲ್ಲ ಮನೆಗಳಿಂದಲೂ ಹೆಂಗಸರು ಇಳಿದು ಓಡುತ್ತಿದ್ದರು. ಯಾರೂ ಕೂಗುತ್ತಿರಲಿಲ್ಲ. ಚಪ್ಪಲಿಯ ಸದ್ದು ಮಾತ್ರ.

ಗಣಿಬಾಯಿಯ ಗೇಟಿನ ಹೊರಗೆ ನಿಂತೆವು. ನೆರಳೇ ಇರಲಿಲ್ಲ. ನಾನು ಸ್ವಲ್ಪ ಹಿಂದೆ ನಿಂತಿದ್ದರಿಂದ ಅವರೆಲ್ಲರ ಬೆನ್ನು ಕಾಣುತ್ತಿತ್ತು: ನಿಂಬೆ, ಎಲೆಹಸಿರು, ತಿಳಿಗುಲಾಬಿ, ತೆಳುನೀಲಿ. ನಾನೇ ಹೊಲಿದ ರವಿಕೆಗಳು. ಆಳದಿಂದ ಆಳುಗಳನ್ನು ಎತ್ತುವ ತೊಟ್ಟಿಲು ಮೇಲೆ ಬಂದಾಗಲೆಲ್ಲ ಆ ಗುಂಪು ಒಂದು ಹೆಜ್ಜೆ ಮುಂದಕ್ಕೆ ಹೋಗಿ ಮತ್ತೆ ನಿಲ್ಲುತ್ತಿತ್ತು. ಪಕ್ಕದ ಮನೆಯಾಕೆಯ ಗಂಡ ಹಣೆಯಲ್ಲಿ ರಕ್ತ ಸುರಿಸಿಕೊಂಡು, ಇಬ್ಬರ ಹೆಗಲ ಮೇಲೆ ಕೈ ಹಾಕಿ ನಡೆದು ಬಂದ. ಅವಳು ಓಡಿಹೋಗಿ ಅವನನ್ನು ಹಿಡಿದಳು. ಹಿಡಿದವಳು ತಿರುಗಿ ದೊಡ್ಡಮ್ಮನ ಕಡೆ ನೋಡಿ, ತಕ್ಷಣ ಮುಖ ಬೇರೆ ಕಡೆ ಮಾಡಿದಳು.

ದೊಡ್ಡಪ್ಪನನ್ನು ಸಂಜೆ ಮೇಲಕ್ಕೆ ತಂದರು. ಕಂಬಳಿ ಮುಚ್ಚಿದ್ದರು. ಕಾಲಿನ ಬೂಟು ನೋಡಿ ದೊಡ್ಡಮ್ಮ ಗುರುತು ಹಿಡಿದಳು. ಅವಳು ಅಳಲಿಲ್ಲ. ಬೂಟಿನ ಮೇಲಿದ್ದ ಕೆಸರನ್ನು ತನ್ನ ಸೆರಗಿನಿಂದ ಒರೆಸುತ್ತ ಕೂತಳು. ಸಾಕು ಏಳು ಎಂದು ನಾನು ತೋಳು ಹಿಡಿದರೂ ಕೇಳಲಿಲ್ಲ.

ಬೇತಮಂಗಲದ ಹತ್ತಿರದ ಹಳ್ಳಿಯಿಂದ ದೊಡ್ಡಪ್ಪನ ಅಕ್ಕ ಬಂದಳು. ಮಣ್ಣು ಮಾಡಿ ಬಂದ ಮೇಲೆ, ಜಗುಲಿಯ ತುಂಬ ಜನ ಕೂತಿರುವಾಗ, ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ತಲೆ ನರೆತ ಮೇಲೆ ಊವಿನ ಸೀರೆ ಉಟ್ಕಂಡು ಮೆರೆದ್ಲು. ಭೂಮ್ತಾಯಿ ಕಣ್ಣಿಗೆ ಬಿತ್ತು. ಆ ತಾಯಿ ಉಂಡ್ಲು ನನ್ನ ತಮ್ಮನ್ನ.”

ಹಾಗೆಲ್ಲ ಅನ್ನಬೇಡಿ ಎಂದೆ ನಾನು. ಪಕ್ಕದ ಮನೆಯಾಕೆ ನೆಲ ನೋಡುತ್ತಿದ್ದಳು. ಅವಳು ಆಗಲೇ ಹಳೆಯ ಇಟ್ಟಿಗೆ ಬಣ್ಣದ ಸೀರೆ ಉಟ್ಟಿದ್ದಳು. ದೊಡ್ಡಮ್ಮ ಒಳಗೆ ಹೋಗಿ, ಒಗೆದು ಮಡಿಸಿಟ್ಟಿದ್ದ ಆ ವಾಯಿಲ್ ಸೀರೆಯನ್ನೂ ರವಿಕೆಯನ್ನೂ ತಂದು ದೊಡ್ಡಪ್ಪನ ಅಕ್ಕನ ಮಡಿಲಿಗೆ ಹಾಕಿದಳು. “ತಗಂಡೋಗು. ಏನ್ ಬೇಕಾದ್ರೂ ಮಾಡು,” ಅಂದಳು. ಅವಳು ತೆಗೆದುಕೊಂಡು ಹೋದಳು. ಅದು ಏನಾಯಿತೋ ನಾವು ಕೇಳಲಿಲ್ಲ.

ಆ ತಿಂಗಳು ಮುಗಿಯುವಷ್ಟರಲ್ಲಿ ಸಾಲಿನ ಹಗ್ಗಗಳ ಮೇಲೆ ಮತ್ತೆ ಕಂದು ಸೀರೆಗಳೇ ಒಣಗುತ್ತಿದ್ದವು. ಎಲೆಹಸಿರು, ತಿಳಿಗುಲಾಬಿಗಳೆಲ್ಲ ಹೆಣ್ಣುಮಕ್ಕಳ, ಸೊಸೆಯರ ಮೈಗೆ ಹೋದವು. ಗಣಿಗೆ ಇಳಿಯುವವರು ಮನೆಯಲ್ಲಿ ಇಲ್ಲವಾದ್ದರಿಂದ ಗಣಿಯವರು ಕೊಟ್ಟಿದ್ದ ಆ ಮನೆಯನ್ನು ದೊಡ್ಡಮ್ಮ ಬಿಡಬೇಕಾಯಿತು. ನಾನು ಅವಳನ್ನು ಬಂಗಾರಪೇಟೆಗೆ ಕರೆತಂದೆ.

ಅವಳು ನನ್ನ ಮಿಷನ್ನಿನ ಪಕ್ಕದಲ್ಲಿ ಕೂತು ಎಡಗೈಯಲ್ಲೇ ಹುಕ್ಕು ಹಚ್ಚಿಕೊಡುತ್ತಿದ್ದಳು. ನಮ್ಮ ಕಡೆ ಗಂಡ ಸತ್ತವರು ಬಿಳಿಯನ್ನೇ ಉಡಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ. ಆದರೂ ಅವಳು ಕಾಫಿ ಬಣ್ಣದ ದಪ್ಪ ಸೀರೆಗಳನ್ನು ಬಿಟ್ಟು ಬೇರೆ ಉಡಲಿಲ್ಲ. ದೊಡ್ಡಪ್ಪನ ಅಕ್ಕನ ಮಾತನ್ನು ಅವಳು ನಂಬಿಬಿಟ್ಟಿದ್ದಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಎರಡು ಯುಗಾದಿ ಕಳೆದ ಮೇಲೆ, ತಡೆಯಲಾರದೆ, ಆಕಾಶದ ಬಣ್ಣದ ಒಂದು ತೆಳು ಸೀರೆ ತಂದು ಅವಳ ಮುಂದಿಟ್ಟೆ.

“ಬಂಡೆ ಸಿಡಿದದ್ದಕ್ಕೂ ನಿನ್ನ ಸೀರೆಗೂ ಏನು ಸಂಬಂಧ ದೊಡ್ಡಮ್ಮ? ನೀನೂ ಅದನ್ನೇ ನಂಬ್ತೀಯಾ?”

ಅವಳು ಸೀರೆಯನ್ನು ಒಮ್ಮೆ ಸವರಿ, ಮಡಿಕೆ ಕೆಡದ ಹಾಗೆ ನನ್ನ ಕಡೆ ತಳ್ಳಿದಳು.

“ನಾನ್ಯಾಕೆ ನಂಬ್ಲಿ? ಆ ಸೀರೆ ನಿಮ್ಮ ದೊಡ್ಡಪ್ಪಂಗೆ ಇಷ್ಟವಾಗಿತ್ತು. ನಂಗೊತ್ತಿಲ್ವಾ?”

“ಮತ್ತೆ ಉಡು. ಇದು ಬಂಗಾರಪೇಟೆ. ಇಲ್ಲಿ ಯಾರು ಏನಂತಾರೆ?”

“ನಮ್ಮ ಸಾಲಿನೋರು ನಿನ್ನತ್ರ ಒಲಿಸ್ಕಳಕ್ಕೆ ಬತ್ತಾರಲ್ಲೇ. ಅವರ ಗಂಡಂದ್ರು ಇನ್ನೂ ಕೆಳಗೆ ಇಳೀತಾವ್ರೆ. ನಾನು ಬಣ್ಣ ಉಟ್ಟು ಕುಂತಿದ್ರೆ ನೋಡಿದೋರ ಎದೆ ಡವಡವ ಅಂತದೆ. ಮನೆಗೋಗಿ ಅವತ್ತು ಗಂಡ ಬರೋಗಂಟ ಬಾಗ್ಲಲ್ಲೇ ನಿಂತಿರ್ತಾರೆ. ಅದೆಲ್ಲ ಬ್ಯಾಡ. ನಂಗೆ ಸೆಕೆ ಆದ್ರೆ ಆಯ್ತದೆ.”

ನಾನು ಸೀರೆಯನ್ನು ತೆಗೆದಿಟ್ಟೆ. ಆಮೇಲೆ ಆ ಮಾತು ತೆಗೆಯಲಿಲ್ಲ. ಪ್ರತಿ ಚೈತ್ರದಲ್ಲೂ ಅವಳ ಕುತ್ತಿಗೆಯ ಸುತ್ತ ಬೆವರುಸಾಲೆ ಏಳುತ್ತಿತ್ತು. ಗಂಧ ತೇಯ್ದು ಹಚ್ಚುತ್ತಿದ್ದೆ.

ಅರವತ್ತರ ದಶಕದ ಕೊನೆಯ ಹೊತ್ತಿಗೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಬೆಳಕು ಎಲ್ಲಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಒಂದು ದಿನ ಚಾಂಪಿಯನ್ ರೀಫ್ಸಿನ ಆ ಪಕ್ಕದ ಮನೆಯಾಕೆ ನೋಡಲು ಬಂದಳು. ಅವಳ ಗಂಡ ಎದೆಯ ರೋಗದಿಂದ ಕೆಲಸ ಬಿಟ್ಟು ಮನೆಯಲ್ಲಿದ್ದಾನೆಂಬ ಸುದ್ದಿ ನಮಗೆ ಮೊದಲೇ ಬಂದಿತ್ತು. ದೊಡ್ಡಮ್ಮ ಅವಳ ಕೈ ಹಿಡಿದು ಹತ್ತಿರ ಕೂರಿಸಿಕೊಂಡಳು.

“ಸದ್ಯ, ಅವನು ಇಳಿಯೋದು ನಿಂತೋಯ್ತಲ್ಲ. ಇನ್ನು ನಿಂಗೆ ಎದ್ರಿಕೆ ಇಲ್ಲ. ಯಾವ ಸೀರೆ ಉಟ್ಟಿದ್ದೀಯೇ?”

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ಅವಳು ಉಟ್ಟಿದ್ದು ಕಪ್ಪಿಗೆ ತಿರುಗಿದ ಕಂದು.

“ಪಚ್ಚೆ ಬಣ್ಣ ಅಕ್ಕಾ,” ಅಂದಳು. “ಎಲೆಪಚ್ಚೆ. ಊವಿಂದು.”

“ಚೆನ್ನಾಗಿರ್ತದೆ. ನಿನ್ನ ಮೈಬಣ್ಣಕ್ಕೆ ಒಪ್ತದೆ,” ಎಂದು ದೊಡ್ಡಮ್ಮ ಅವಳ ಮೊಣಕಾಲನ್ನು ತಟ್ಟಿದಳು. ಆ ದಿನವೆಲ್ಲ ಅವಳು ಗೆಲುವಾಗಿದ್ದಳು. ಸಾಲಿನ ಒಬ್ಬೊಬ್ಬರನ್ನೂ ನೆನೆದು ವಿಚಾರಿಸಿದಳು. ಊಟವನ್ನೂ ಕೇಳಿ ಹಾಕಿಸಿಕೊಂಡಳು.

ಸಂಜೆ ಗಣಿಯ ಕಡೆಗೆ ಹೋಗುವ ಮಾರಿಕುಪ್ಪಂ ರೈಲಿಗೆ ಪಕ್ಕದ ಮನೆಯಾಕೆಯನ್ನು ಬಿಡಲು ನಾನೇ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಂ ತಲುಪಿದ ಮೇಲೆ ಅವಳೇ ಹೇಳಿದಳು.

“ನನ್ನ ಮಗ ಗಣಿಗೆ ಇಳೀತಾವ್ನಲ್ಲಮ್ಮ ಈಗ. ಅಪ್ಪನ ಜಾಗಕ್ಕೆ ಸೇರ್ಕಂಡ. ಅಕ್ಕಂಗೆ ಏಳ್ಬೇಡ.”

ಹೇಳುವುದಿಲ್ಲ ಎಂದೆ. ರೈಲು ಬಂತು, ಅವಳು ಹೆಂಗಸರ ಡಬ್ಬಿಗೆ ಹತ್ತಿ, ಒಳಗೆಲ್ಲೋ ಜಾಗ ಮಾಡಿಕೊಂಡು ಕೂತಳು. ದೊಡ್ಡಮ್ಮ ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಸಾಲಿನವರೆಲ್ಲ ಬಂದಿದ್ದರು. ಉಸಿರು ನಿಲ್ಲುವವರೆಗೂ ಒಬ್ಬಳೂ ಅವಳ ಹಾಸಿಗೆಯ ಪಕ್ಕದಿಂದ ಏಳಲಿಲ್ಲ.